ರಜೆಗೆ ತುಂಬಿದ ಮನೆಗೆ ಹಿಟ್ ಹಾಡುಗಳ ಯಾವ ಸಂಗ್ರಹ ಒಳ್ಳೆಯದು?

ಏಪ್ರಿಲ್ ಹತ್ತಿರವಾದಂತೆ ಶಿವಮೊಗ್ಗ ಜಿಲ್ಲೆಯ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಮಕ್ಕಳಿಗೆ ರಜೆ, ಬೆಂಗಳೂರಿನವರು ಊರಿಗೆ ಬರುವವರು, ಹಪ್ಪಳ ಸಂಡಿಗೆಯ ಕೆಲಸ ಮುಂದಿದೆ, ನಡುವೆ ಎರಡು ಮೂರು ಮದುವೆ, ಒಮ್ಮೆ ಜೋಗಕ್ಕೋ ಕೊಡಚಾದ್ರಿಗೋ ಹೊರಡುವುದೂ ಇದ್ದೇ ಇದೆ. ಇವೆಲ್ಲಕ್ಕೂ ಹಾಡು ಬೇಕು. ಹಾಡು ತುಂಬಿದ ಪ್ಲೇಯರ್ ಒಂದನ್ನು ಅಪ್ಪ ಅಮ್ಮನಿಗೆ ಕೊಡಿಸುವುದೋ, ಪೆನ್‌ಡ್ರೈವ್ ತುಂಬಿಸಿಕೊಂಡು ಹೋಗುವುದೋ, ಯಾವುದಾದರೂ ಆ್ಯಪ್‌ಗೆ ಚಂದಾ ಕಟ್ಟುವುದೋ, ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ ಪೆಟ್ಟಿಗೆಯನ್ನೇ ಕೆಳಗಿಳಿಸುವುದೋ? ಹೀಗೆ ಕೇಳುವ ಪರಿಚಿತರಿಗೆಲ್ಲ ಒಂದೇ ಉತ್ತರ ಕೊಡಲು ಬರುವುದಿಲ್ಲ. ಹೊಸನಗರದ ಒಳಗಿನ ಹಳ್ಳಿಗೆ ಒಪ್ಪುವುದು ಶಿವಮೊಗ್ಗ ಪೇಟೆಯ ದುರ್ಗಿಗುಡಿಯ ಮನೆಗೆ ಒಪ್ಪದು. ಆದರೆ ಯಾವುದನ್ನು ನೋಡಿ ನಿರ್ಧರಿಸಬೇಕು ಎಂಬುದನ್ನು ಹೇಳಬಹುದು.

ಸಂಗೀತವನ್ನು ಗಂಭೀರವಾಗಿ ಕೇಳುವವರಲ್ಲಿ ಹಿಟ್ ಹಾಡುಗಳ ಸಂಗ್ರಹದ ಬಗ್ಗೆ ಒಂದು ತಾತ್ಸಾರವಿದೆ. ಅಲ್ಲೊಂದು ಇಲ್ಲೊಂದು ಹೆಕ್ಕಿ ಪೋಣಿಸಿದ್ದು, ಅದರಲ್ಲಿ ಹೂರಣವಿಲ್ಲ ಎನ್ನುತ್ತಾರೆ. ಮಳೆಗಾಲದ ಮಟ್ಟಿಗೆ ನಾನೂ ಆ ಮಾತನ್ನು ಒಪ್ಪುತ್ತೇನೆ. ಹಗಲಿಡೀ ಮಳೆ ಹೊಯ್ಯುವಾಗ ಒಬ್ಬ ಕವಿಯ, ಒಬ್ಬ ಸಂಯೋಜಕರ ಇಡೀ ಆಲ್ಬಂ ಹಾಕಿಕೊಂಡು ಕೂರುವ ಸುಖವೇ ಬೇರೆ. ನಮ್ಮ ಊರಿಗೂ ಆ ಬಗೆಯ ಆಲ್ಬಂಗೂ ಹತ್ತಿರದ ನಂಟಿದೆ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಬಂದು ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿದ ‘ನಿತ್ಯೋತ್ಸವ’ದ ಕವಿ ಕೆ.ಎಸ್. ನಿಸಾರ್ ಅಹಮದ್ ಇದೇ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು.

ಬೇಸಿಗೆಯ ಮನೆ ಹಾಗಲ್ಲ. ಅಲ್ಲಿ ಒಬ್ಬರೇ ಕೂತು ಕೇಳುವುದಿಲ್ಲ. ಜಗಲಿಯಲ್ಲಿ ಅಜ್ಜ, ಅಡುಗೆಮನೆಯಲ್ಲಿ ಅತ್ತೆ ಚಿಕ್ಕಮ್ಮಂದಿರು, ಅಂಗಳದಲ್ಲಿ ಮಕ್ಕಳು, ಕೋಣೆಯಲ್ಲಿ ಕಾಲೇಜಿಗೆ ಹೋಗುವ ಹುಡುಗಿ. ಇಷ್ಟು ಜನರಿಗೂ ಅರೆಬರೆ ಗೊತ್ತಿರುವ ಹಾಡುಗಳೆಂದರೆ ಒಂದು ಕಾಲದಲ್ಲಿ ಊರೆಲ್ಲ ಕೇಳಿಸಿದ ಹಾಡುಗಳು ಮಾತ್ರ. ಪಲ್ಲವಿ ಒಬ್ಬರ ಬಾಯಲ್ಲಿ ಶುರುವಾಗುತ್ತದೆ, ಚರಣದ ಸಾಲು ಇನ್ನೊಬ್ಬರಿಗೆ ನೆನಪಿರುತ್ತದೆ, ಮಕ್ಕಳಿಗೆ ನಡುವಿನ ವಾದ್ಯದ ತುಣುಕು ಬರುತ್ತದೆ. ಒಟ್ಟಿಗೆ ಹಾಡಿಕೊಳ್ಳಲು ಬರುವುದೇ ಹಿಟ್ ಹಾಡಿನ ದೊಡ್ಡ ಗುಣ. ಬೇಸಿಗೆಯ ಕೆಲಸಗಳೂ ಅಂಥವೇ: ಕೈಗೆ ಕೆಲಸವಿದೆ, ಕಿವಿ ಬಾಯಿ ಖಾಲಿ ಇವೆ. ಹಾಗಾಗಿ ಈ ಎರಡು ತಿಂಗಳ ಮಟ್ಟಿಗೆ ಹಿಟ್ ಸಂಗ್ರಹಕ್ಕಿಂತ ಯೋಗ್ಯವಾದದ್ದು ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪ್ರಶ್ನೆ ಇರುವುದು ಅದನ್ನು ಯಾವ ರೂಪದಲ್ಲಿ ತರಬೇಕು ಎಂಬುದರಲ್ಲಿ.

ಮೊದಲು ನೋಡಬೇಕಾದದ್ದು

ಮಲೆನಾಡಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ನೆಟ್‌ವರ್ಕ್ ಮತ್ತು ಕರೆಂಟಿನದು. ಶಿವಮೊಗ್ಗ ಪೇಟೆ ದಾಟಿ ಗಾಜನೂರು, ಮಂಡಗದ್ದೆ ಕಳೆದು ಕಾಡು ಶುರುವಾಯಿತೆಂದರೆ ಮೊಬೈಲಿನ ಗೆರೆಗಳು ಏರಿಳಿಯತೊಡಗುತ್ತವೆ. ತೋಟದ ಮನೆಗಳಲ್ಲಿ ಎಷ್ಟೋ ಕಡೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಇರುತ್ತದೆ. ಏಪ್ರಿಲ್ ಕೊನೆಯಲ್ಲಿ ಸಂಜೆ ಗಾಳಿ ಎದ್ದು ಗುಡುಗು ಮಳೆ ಬಂತೆಂದರೆ ತಂತಿಯ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋದದ್ದು ಯಾವಾಗ ಬರುತ್ತದೆ ಎಂದು ಹೇಳಲಾಗದು. ಕೇಳುವ ಸಾಧನಕ್ಕೆ ಇವೆರಡೂ ಇಲ್ಲದೆ ಎಷ್ಟು ಹೊತ್ತು ಬಾಳುವ ಶಕ್ತಿ ಇದೆ ಎಂಬುದನ್ನು ನೋಡದೆ ಕೊಳ್ಳಬೇಡಿ.

ಎರಡನೆಯದು, ಅದನ್ನು ಮುಟ್ಟುವವರು ಯಾರು? ಪುಟ್ಟ ಸಂಗತಿ ಎನಿಸಬಹುದು, ಆದರೆ ಹಲಸಿನ ಹಪ್ಪಳದ ದಿನ ಇದರ ಮಹತ್ವ ತಿಳಿಯುತ್ತದೆ. ಬೆಳೆದ ಕಾಯಿಯನ್ನು ಕೊಯ್ದು ಸೊಳೆ ಬಿಡಿಸುತ್ತ ಕೂತ ಐದಾರು ಜನರ ಕೈಗೂ ಮೇಣ ಮೆತ್ತಿರುತ್ತದೆ. ಎಣ್ಣೆ ಹಚ್ಚಿಕೊಂಡಿದ್ದರೂ ಬೆರಳುಗಳು ಒಂದಕ್ಕೊಂದು ಅಂಟುತ್ತವೆ. ಆಗ ಮೊಬೈಲಿನಲ್ಲಿ ಹಾಡಿನ ನಡುವೆ ಜಾಹೀರಾತು ಬಂದರೆ, ಪರದೆ ಆರಿದರೆ, ಮುಂದಿನ ಹಾಡಿಗೆ ಗುಂಡಿ ಒತ್ತಬೇಕಾದರೆ ಯಾರೂ ಏಳುವಂತಿಲ್ಲ. ಒಮ್ಮೆ ಹಾಕಿದರೆ ಒಂದು ಗಂಟೆಯಾದರೂ ತಾನಾಗಿ ನಡೆಯುವ ಸಂಗ್ರಹವೇ ಅಲ್ಲಿ ಬೇಕು. ಕಾರು ಓಡಿಸುವವರಿಗೂ ಇದೇ ಮಾತು ಸಲ್ಲುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಹಾಡು ಬದಲಿಸಲು ಕೈ ಚಾಚುವುದು ಸಲ್ಲದು. ಅಲ್ಲಿ ಎದುರಿನ ಬಸ್ಸಿನ ಹಾರನ್ ಕೇಳಿಸುವಷ್ಟು ಸದ್ದು ತಗ್ಗಿಸುವುದೂ ಅಗತ್ಯ.

ಮೂರನೆಯದು, ಹಾಡುಗಳನ್ನು ಯಾರು ಆರಿಸಿದ್ದಾರೆ, ಯಾವುದರಿಂದ ಆರಿಸಿದ್ದಾರೆ ಎಂಬುದು. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಿಟ್ ಸಂಗ್ರಹಗಳ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಇಲ್ಲೇ.

ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಈ ಬಗೆಯ ಆಲ್ಬಂಗಳಿಗೆ ದೊಡ್ಡ ಇತಿಹಾಸವಿದೆ. ಕೆನಡಾದ ವಿನ್ನಿಪೆಗ್‌ನ ಕೆ-ಟೆಲ್ ಕಂಪನಿ 1960ರ ದಶಕದಿಂದಲೇ ಟಿವಿ ಜಾಹೀರಾತಿನ ಮೂಲಕ ಹಿಟ್ ಸಂಗ್ರಹಗಳನ್ನು ಮಾರಿತು. ಒಂದು ಎಲ್‌ಪಿಯಲ್ಲಿ, ಎಂದರೆ ದೊಡ್ಡ ಗಾನತಟ್ಟೆಯಲ್ಲಿ, ಹೆಚ್ಚು ಹಾಡು ತುಂಬಿಸಲು ಹಾಡುಗಳನ್ನು ಅಲ್ಲಲ್ಲಿ ಕತ್ತರಿಸುತ್ತಿದ್ದ ಹೆಸರೂ ಅದಕ್ಕಿದೆ. ಬ್ರಿಟನ್ನಿನಲ್ಲಿ ಅಗ್ಗದ ಸಂಗ್ರಹಗಳು ಇನ್ನೊಂದು ದಾರಿ ಹಿಡಿದವು: ಹೆಸರಿಲ್ಲದ ಗಾಯಕರಿಂದ ಆಗಿನ ಹಿಟ್ ಹಾಡುಗಳನ್ನು ಮತ್ತೆ ಹಾಡಿಸಿ ಮಾರುತ್ತಿದ್ದರು. 1983ರ ನವೆಂಬರಿನಲ್ಲಿ ವರ್ಜಿನ್ ಮತ್ತು ಇಎಂಐ ಎಂಬ ಎರಡು ಕಂಪನಿಗಳು ಕೈಜೋಡಿಸಿ ‘ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್’ ಎಂಬ ಸರಣಿ ಶುರು ಮಾಡಿದಾಗ ಆಟವೇ ಬದಲಾಯಿತು. ಎರಡು ಎಲ್‌ಪಿ, 30 ಹಾಡು, ಎಲ್ಲವೂ ಮೂಲ ಗಾಯಕರವೇ. ಬೇರೆ ಬೇರೆ ಕಂಪನಿಗಳ ಹಾಡು ಒಂದೇ ಲಕೋಟೆಯಲ್ಲಿ ಸಿಕ್ಕಿತು ಎಂಬುದೇ ಅದರ ಗುಟ್ಟು. ಇಂದಿಗೂ ವರ್ಷಕ್ಕೆ ಮೂರರಂತೆ ಅದು ಬರುತ್ತಿದೆ, ನಡುವಿನದು ಅವರ ಬೇಸಿಗೆಯಲ್ಲಿ.

ಕನ್ನಡದಲ್ಲಿ ಅಂಥ ಕೈಜೋಡಿಸುವಿಕೆ ಬೇರೂರಲಿಲ್ಲ. ಹಳೆಯ ಚಿತ್ರಗೀತೆಗಳ ದೊಡ್ಡ ಪಾಲು ಹಳೆಯ ರೆಕಾರ್ಡ್ ಕಂಪನಿ ಎಚ್‌ಎಂವಿಯ ವಾರಸುದಾರ ಸರಿಗಮದ ಬಳಿ ಇದೆ. 1987ರ ‘ಪ್ರೇಮಲೋಕ’ದ ಹಾಡುಗಳು ಲಹರಿ ಕಂಪನಿಯವು. 2006ರ ‘ಮುಂಗಾರು ಮಳೆ’ ಆನಂದ್ ಆಡಿಯೊದ್ದು. ಹೀಗಿರುವಾಗ ಒಂದೇ ಕಂಪನಿ ಹೊರತಂದ ‘ಎಲ್ಲ ಕಾಲದ ಹಿಟ್’ ಎಂಬ ಸಂಗ್ರಹದಲ್ಲಿ ಆ ಕಂಪನಿಯ ಹಕ್ಕಿನಲ್ಲಿರುವ ಹಿಟ್‌ಗಳಷ್ಟೇ ಇರುತ್ತವೆ. ಅಮ್ಮನ ಹಾಡು ಇದೆ, ಮಗಳ ಹಾಡು ಇಲ್ಲ ಎಂದಾಗುವುದು ಈ ಕಾರಣದಿಂದ. ಕೊಳ್ಳುವ ಮುನ್ನ ಹೊದಿಕೆಯ ಮೇಲಿನ ಚಿತ್ರ ನೋಡಬೇಡಿ, ಕಂಪನಿಯ ಹೆಸರು ಮತ್ತು ಹಾಡಿನ ಪಟ್ಟಿ ನೋಡಿ. ಹಾಡಿನ ಮುಂದೆ ಗಾಯಕರ ಹೆಸರು ಇಲ್ಲದಿದ್ದರೆ ಅದು ಮರುಗಾಯನ ಆಗಿರಬಹುದೆಂದು ಅನುಮಾನಿಸಿ.

ಉಳಿದ ಅಳತೆಗೋಲುಗಳು ಚಿಕ್ಕವು. ಹಣವನ್ನು ಒಂದು ಬೇಸಿಗೆಗಲ್ಲ, ನಾಲ್ಕೈದು ವರ್ಷಕ್ಕೆ ಲೆಕ್ಕ ಹಾಕಿ. ಸಂಗ್ರಹದ ಗಾತ್ರಕ್ಕೆ ಮರುಳಾಗಬೇಡಿ: ಹೊತ್ತಿಗೆ ತಕ್ಕ ಅಳತೆಯ ಸಂಗ್ರಹ ಸಾವಿರಾರು ಹಾಡುಗಳ ರಾಶಿಗಿಂತ ಹೆಚ್ಚು ಬಾರಿ ಕೇಳಿಸುತ್ತದೆ. ಒಂದು ಸಿಡಿಯ 80 ನಿಮಿಷ ಹೆಚ್ಚು ಕಡಿಮೆ ಶಿವಮೊಗ್ಗದಿಂದ ಆಯನೂರು, ಕುಂಸಿ, ಆನಂದಪುರ ದಾಟಿ ಸಾಗರ ಹತ್ತಿರವಾಗುವಷ್ಟು ಹೊತ್ತು. ಅಷ್ಟು ಉದ್ದದ ಒಂದು ಗುಚ್ಛಕ್ಕೆ ಮೊದಲು, ನಡು, ಕೊನೆ ಎಂಬುದಿರುತ್ತದೆ. ಐದು ಸಾವಿರ ಹಾಡಿಗೆ ಅದಿಲ್ಲ.

ಅಟ್ಟದ ಮೇಲಿನ ಕ್ಯಾಸೆಟ್‌ಗಳು

ಇವು ಈಗಾಗಲೇ ಮನೆಯಲ್ಲಿರುವುದರಿಂದ ಖರ್ಚಿಲ್ಲ ಎಂದುಕೊಳ್ಳುತ್ತೇವೆ. ಆದರೆ ಮಲೆನಾಡಿನ ಮಳೆಗಾಲ ಕ್ಯಾಸೆಟ್‌ಗೆ ಪರಮ ಶತ್ರು. ಇಳಿಸಿದ ತಕ್ಷಣ ಪ್ಲೇಯರಿಗೆ ಹಾಕಬೇಡಿ. ಮೊದಲು ಬೆಳಕಿಗೆ ಹಿಡಿದು ನಡುವಿನ ಪುಟ್ಟ ಕಿಟಕಿಯಲ್ಲಿ ಸುತ್ತಿರುವ ಟೇಪಿನ ಅಂಚನ್ನು ನೋಡಿ. ಅದು ನುಣುಪಾದ ಕಂದು ಬಣ್ಣದಲ್ಲಿರಬೇಕು. ಬಿಳಿ ಪುಡಿ ಹರಡಿದಂತೆ ಕಂಡರೆ ಬೂಷ್ಟು ಹಿಡಿದಿದೆ ಎಂದರ್ಥ. ಅದನ್ನು ಹಾಕಿದರೆ ಪ್ಲೇಯರಿನಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ ಕೊಳೆಯಾಗುತ್ತದೆ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಅದು ಅಂಟುತ್ತದೆ. ಬಳಿಕ ಕ್ಯಾಸೆಟ್ಟಿನ ಕೆಳ ಅಂಚಿನಲ್ಲಿ ತಾಮ್ರದ ತೆಳು ಪಟ್ಟಿಯ ಮೇಲೆ ಅಂಟಿಸಿದ ಉಣ್ಣೆಯ ತುಣುಕು ಇದೆಯೇ ನೋಡಿ. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವುದು ಅದೇ. ಗೋಂದು ಒಣಗಿ ಅದು ಬಿದ್ದಿದ್ದರೆ ಹಾಡು ಗೋಡೆಯಾಚೆಯಿಂದ ಬಂದಂತೆ ಮಂಕಾಗುತ್ತದೆ. ಎರಡೂ ಸರಿಯಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಆಮೇಲೆ ಹಾಕಿ. ಅಂಟಿಕೊಂಡ ಸುತ್ತುಗಳು ಹಾಗೆ ಬಿಡಿಸಿಕೊಳ್ಳುತ್ತವೆ.

ಇಷ್ಟು ಶ್ರಮಕ್ಕೆ ಸಿಗುವುದೇನು? ಮುಂದಕ್ಕೆ ಹಾರಿಸುವುದು ಕಷ್ಟವಾದ್ದರಿಂದ ಇಡೀ ಮನೆ ಒಂದೇ ಅನುಕ್ರಮವನ್ನು ಕೇಳುತ್ತದೆ. ಒಟ್ಟು 60 ನಿಮಿಷದ ಸಿ-60 ಕ್ಯಾಸೆಟ್ಟಿನ ಒಂದು ಬದಿಯ 30 ನಿಮಿಷದಲ್ಲಿ ಆರೇಳು ಹಾಡು. ಅವುಗಳ ಕ್ರಮವನ್ನು ಯಾರೋ ಕೂತು ಯೋಚಿಸಿರುತ್ತಾರೆ. ಎ ಬದಿಯ ಮೊದಲ ಹಾಡು ಎಲ್ಲರಿಗೂ ಗೊತ್ತಿರುವಂಥದ್ದು, ಬಿ ಬದಿಯಲ್ಲಿ ಸ್ವಲ್ಪ ಅಪರೂಪದ್ದು. ಆದರೂ ಹೊಸದಾಗಿ ಪ್ಲೇಯರ್ ಕೊಂಡು ಕ್ಯಾಸೆಟ್ ಲೋಕಕ್ಕೆ ಹೋಗಿ ಎಂದು ನಾನು ಹೇಳಲಾರೆ. ಹಳೆಯ ಪ್ಲೇಯರುಗಳ ರಬ್ಬರ್ ಬೆಲ್ಟ್ ಸಡಿಲವಾಗಿ ಹಾಡು ಎಳೆದೆಳೆದು ಬರುತ್ತದೆ, ರಿಪೇರಿ ಮಾಡುವವರೂ ವಿರಳ. ಇರುವ ಪ್ಲೇಯರ್ ಕೆಲಸ ಮಾಡುತ್ತಿದ್ದರೆ ಬಳಸಿ. ಅಂಗಡಿಯಲ್ಲಿ ಎಂದೂ ಸಿಗದ ಕ್ಯಾಸೆಟ್‌ಗಳು ಮಾತ್ರ ಬೇರೆ. ಮನೆಯವರೇ ಹಾಡಿದ್ದು, ಮದುವೆಯ ದಿನದ ಸಂಪ್ರದಾಯದ ಹಾಡು, ರೇಡಿಯೊದಿಂದ ತುಂಬಿಸಿಕೊಂಡದ್ದು ಇದ್ದರೆ ಇದೇ ಬೇಸಿಗೆಯಲ್ಲಿ ಅವನ್ನು ಕಂಪ್ಯೂಟರಿಗೆ ಇಳಿಸಿಡಿ. ಇನ್ನೊಂದು ಮಳೆಗಾಲ ಅವು ತಡೆಯದಿರಬಹುದು.

ಹಾಡು ತುಂಬಿದ ಪ್ಲೇಯರ್

ಸರಿಗಮದ ಕಾರವಾನ್ 2017ರಲ್ಲಿ 5,000 ಹಿಂದಿ ಹಾಡುಗಳೊಂದಿಗೆ ಬಂತು, ಆಮೇಲೆ ಕನ್ನಡದ ಆವೃತ್ತಿಯೂ ಬಂತು. ಹಳೆಯ ರೇಡಿಯೊದ ಆಕಾರ, ತಿರುಗಿಸುವ ಗುಂಡಿ, ಒಳಗೇ ಬ್ಯಾಟರಿ, ಎಫ್‌ಎಂ, ಬ್ಲೂಟೂತ್, ಪೆನ್‌ಡ್ರೈವ್‌ಗೆ ಜಾಗ. ನೆಟ್‌ವರ್ಕ್ ಬೇಡ, ಚಂದಾ ಇಲ್ಲ, ಜಾಹೀರಾತಿಲ್ಲ. ಅರವತ್ತು ದಾಟಿದ, ಸ್ಮಾರ್ಟ್‌ಫೋನಿನ ಪರದೆಯ ಜತೆ ಗುದ್ದಾಡಲು ಇಷ್ಟಪಡದವರಿಗೆ ಇದಕ್ಕಿಂತ ಸುಲಭವಾದ ಸಾಧನ ಸದ್ಯಕ್ಕೆ ಇಲ್ಲ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ರಾಜ್‌ಕುಮಾರ್ ಅವರ ಕಾಲದ ಹಾಡುಗಳೇ ಮುಖ್ಯವೆಂದಾದರೆ ಕಣ್ಣು ಮುಚ್ಚಿ ಕೊಳ್ಳಬಹುದು.

ಮಿತಿಯೂ ಅದೇ ಕಡೆಯಿಂದ ಬರುತ್ತದೆ. ಒಳಗಿರುವುದು ಒಂದೇ ಕಂಪನಿಯ ಖಜಾನೆ. ಹಂಸಲೇಖ ಬೇಕು, ವಿ. ಹರಿಕೃಷ್ಣ ಬೇಕು, ಅರ್ಜುನ್ ಜನ್ಯ ಬೇಕು ಎನ್ನುವವರು ಪಟ್ಟಿ ನೋಡದೆ ಕೊಂಡರೆ ಬೇಸರಪಡುತ್ತಾರೆ. ಒಳಗಿನ ಸಂಗ್ರಹಕ್ಕೆ ಹೊಸ ಹಾಡು ಸೇರಿಸಲು ಬರುವುದಿಲ್ಲ, ಪೆನ್‌ಡ್ರೈವ್ ಚುಚ್ಚಿಯೇ ಕೇಳಬೇಕು. ಬೆಲೆ ಕೆಲವು ಸಾವಿರ ರೂಪಾಯಿ. ಕಡಿಮೆ ಹಾಡುಗಳ ಚಿಕ್ಕ ಮಾದರಿಗಳು ಅದಕ್ಕಿಂತ ಅಗ್ಗ. ನನ್ನ ಅಭಿಪ್ರಾಯದಲ್ಲಿ ಚಿಕ್ಕ ಮಾದರಿಯೇ ಹೆಚ್ಚು ಮನೆಗಳಿಗೆ ಸಾಕು. ಆಯ್ದ ಕೆಲವು ನೂರು ಹಾಡುಗಳನ್ನೇ ಜನ ಮತ್ತೆ ಮತ್ತೆ ಕೇಳುತ್ತಾರೆ. ಅಂಗಡಿಯಲ್ಲಿ ಸದ್ದು ಏರಿಸಿ ಕೇಳಿ ನೋಡಿ: ಜಗಲಿಯಲ್ಲಿಟ್ಟರೆ ಅಡುಗೆಮನೆಗೆ ಹಾಡಿನ ಮಾತುಗಳು ಸ್ಪಷ್ಟವಾಗಿ ತಲುಪಬೇಕು.

ಪೆನ್‌ಡ್ರೈವ್

ಹಣ, ಸ್ವಾತಂತ್ರ್ಯ ಎರಡರಲ್ಲೂ ಇದನ್ನು ಮೀರಿಸುವುದು ಕಷ್ಟ. 320 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಗುಣಮಟ್ಟದಲ್ಲಿ ಐದು ನಿಮಿಷದ ಒಂದು ಹಾಡು ಸುಮಾರು 12 ಎಂಬಿ. ಎಂದರೆ 8 ಜಿಬಿಯ ಪುಟ್ಟ ಡ್ರೈವಿನಲ್ಲಿ ಆರುನೂರಕ್ಕೂ ಹೆಚ್ಚು ಹಾಡು ಹಿಡಿಸುತ್ತವೆ. ಕಾರಿಗೆ, ಟಿವಿಗೆ, ಪ್ಲೇಯರಿಗೆ ಎಲ್ಲಕ್ಕೂ ಹಾಕಬಹುದು. ಕಂಪನಿಗಳ ಬೇಲಿ ಇಲ್ಲಿಲ್ಲವಾದ್ದರಿಂದ ಅಮ್ಮನ ಹಾಡಿನ ಪಕ್ಕದಲ್ಲೇ ಮಗಳ ಹಾಡನ್ನು ಕೂರಿಸಬಹುದು.

ಆದರೆ ಆ ಹಾಡುಗಳು ಎಲ್ಲಿಂದ ಬರುತ್ತವೆ? ಮೊಬೈಲ್ ಅಂಗಡಿಗಳಲ್ಲಿ ಸಾವಿರ ಹಾಡು ಒಮ್ಮೆಗೇ ತುಂಬಿಸಿಕೊಡುವ ರೂಢಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಹಾಡಿದವರಿಗೆ, ಬರೆದವರಿಗೆ, ರಾಗ ಹಾಕಿದವರಿಗೆ ಅದರಿಂದ ಒಂದು ಪೈಸೆಯೂ ಹೋಗುವುದಿಲ್ಲ. 2012ರ ಕಾಪಿರೈಟ್ ತಿದ್ದುಪಡಿಯಿಂದ ಚಿತ್ರಗೀತೆಯ ಕವಿಗೂ ಸಂಯೋಜಕರಿಗೂ ಗೌರವಧನದ ಪಾಲು ಕಾನೂನಿನ ಹಕ್ಕಾಗಿದೆ. ಅದನ್ನು ಅವರಿಗೆ ತಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ. ಗುಣಮಟ್ಟವೂ ಅಲ್ಲಿ ಹದಗೆಟ್ಟಿರುತ್ತದೆ: ಅರ್ಧಕ್ಕೆ ತುಂಡಾದ ಹಾಡು, ತಪ್ಪು ಹೆಸರು, ನಡುವೆ ಯಾವುದೋ ಜಾಲತಾಣದ ಕೂಗು. ಮನೆಯಲ್ಲಿರುವ ಸಿಡಿಗಳಿಂದ ನೀವೇ ಇಳಿಸಿಕೊಳ್ಳುವುದು ಒಳ್ಳೆಯ ದಾರಿ. ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲದಿದ್ದರೆ ಹೊರಗಿನಿಂದ ಜೋಡಿಸುವಂಥದ್ದು ಹೆಚ್ಚು ದುಬಾರಿಯಲ್ಲ, ಸ್ನೇಹಿತರಲ್ಲಿ ಎರವಲೂ ಸಿಗುತ್ತದೆ.

ತಯಾರಿಸುವಾಗ ಮೂರು ಸಂಗತಿ ನೆನಪಿಡಿ. ಎಷ್ಟೋ ಕಾರ್ ಸ್ಟೀರಿಯೊಗಳು ಫ್ಯಾಟ್-32 ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಡ್ರೈವನ್ನು ಮಾತ್ರ ಓದುತ್ತವೆ. ಹಾಡಿನ ಕಡತದ ಹೆಸರಿನ ಮುಂದೆ 001, 002 ಎಂದು ಸಂಖ್ಯೆ ಹಾಕಿದರೆ ನೀವು ಜೋಡಿಸಿದ ಕ್ರಮ ಉಳಿಯುತ್ತದೆ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಎಲ್ಲವೂ ಕಲಸಿಹೋಗುತ್ತದೆ. ಮೂರನೆಯದು ಸದ್ದಿನ ಮಟ್ಟ. 1970ರ ದಶಕದ ಧ್ವನಿಮುದ್ರಣ ಮೆಲ್ಲಗಿರುತ್ತದೆ, ಈಚಿನವು ಅಬ್ಬರದವು. ಒಂದರ ಹಿಂದೊಂದು ಬಂದಾಗ ಮಲಗಿದ ಮಗು ಬೆಚ್ಚಿ ಬೀಳುತ್ತದೆ. ಎಂಪಿ3ಗೇನ್ ಎಂಬ ಉಚಿತ ತಂತ್ರಾಂಶ ಎಲ್ಲ ಹಾಡುಗಳ ಸದ್ದನ್ನು ಗುಣಮಟ್ಟ ಕೆಡಿಸದೆ ಒಂದು ಮಟ್ಟಕ್ಕೆ ತರುತ್ತದೆ. ಈ ಮೂರಕ್ಕೂ ಸೇರಿ ಒಂದು ಮಧ್ಯಾಹ್ನ ಬೇಕು. ಆ ಒಂದು ಮಧ್ಯಾಹ್ನ ಕೊಡಲು ಸಿದ್ಧರಿದ್ದೀರಾ ಎಂಬುದೇ ಪೆನ್‌ಡ್ರೈವ್ ನಿಮಗೆ ಹೊಂದುತ್ತದೆಯೇ ಎಂಬುದರ ಪರೀಕ್ಷೆ.

ಆ್ಯಪ್, ಯೂಟ್ಯೂಬ್

ಸ್ಪಾಟಿಫೈ, ಜಿಯೊಸಾವನ್, ಯೂಟ್ಯೂಬ್ ಮ್ಯೂಸಿಕ್ ಮುಂತಾದವುಗಳಲ್ಲಿ ಕಂಪನಿಗಳ ಬೇಲಿ ಬಹುಮಟ್ಟಿಗೆ ಬಿದ್ದುಹೋಗಿದೆ. ಕನ್ನಡದಲ್ಲಿ ನಡೆಯದೆ ಉಳಿದಿದ್ದ ಕೈಜೋಡಿಸುವಿಕೆ ಪ್ಲೇಲಿಸ್ಟ್ ರೂಪದಲ್ಲಿ ಆಗಿದೆ ಎನ್ನಬಹುದು. ದಶಕವಾರು, ಗಾಯಕರವಾರು, ಮಳೆಯ ಹಾಡು, ಪ್ರಯಾಣದ ಹಾಡು, ಬೇಕಾದ ಬಗೆಯೆಲ್ಲ ಇದೆ. ಇಂಗ್ಲಿಷ್ ಪಾಪ್, ಕೊರಿಯನ್ ಪಾಪ್ ಕೇಳುವ ಮಕ್ಕಳಿರುವ ಮನೆಗೆ ಇದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಹಣ ಕೊಡದೆ ಕೇಳಿದರೆ ಜಾಹೀರಾತು. ಕೊಟ್ಟರೆ ತಿಂಗಳಿಗೆ ನೂರು ರೂಪಾಯಿ ಚಿಲ್ಲರೆಯಿಂದ ಶುರು. ರಜೆಯ ಎರಡು ತಿಂಗಳಿಗೆ ಮಾತ್ರ ಕಟ್ಟಿ ನಿಲ್ಲಿಸುವುದು ಜಾಣತನ. ಚಂದಾದ ನಿಜವಾದ ಉಪಯೋಗ ಮಲೆನಾಡಿನವರಿಗೆ ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳುವುದರಲ್ಲಿದೆ. ಶಿವಮೊಗ್ಗದಲ್ಲಿ ಇರುವಾಗಲೇ ವೈಫೈ ಮೂಲಕ ಪಟ್ಟಿ ಇಳಿಸಿಕೊಂಡು ಒಮ್ಮೆ ಫ್ಲೈಟ್ ಮೋಡ್‌ನಲ್ಲಿ ಹಾಕಿ ನೋಡಿ ಹೊರಡಿ. ಇಳಿಸಿದ ಹಾಡು ಆ್ಯಪ್‌ನ ಒಳಗೇ ಇರುತ್ತದೆ, ಪೆನ್‌ಡ್ರೈವಿಗೆ ಹಾಕಲಾಗದು. ಸ್ಪಾಟಿಫೈ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ ಸಂಪರ್ಕಕ್ಕೆ ಬರಬೇಕೆಂದು ಕೇಳುತ್ತದೆ. ಸದ್ದಿನ ಮಟ್ಟ ಸಮಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಚಾಲೂ ಮಾಡಿಕೊಳ್ಳಿ.

ಇಲ್ಲಿ ಹಾಡು ನಮ್ಮದಾಗುವುದಿಲ್ಲ ಎಂಬುದನ್ನು ಮರೆಯಬಾರದು. ಏರ್‌ಟೆಲ್ ಗ್ರಾಹಕರಲ್ಲಿ ಮನೆಮಾತಾಗಿದ್ದ ವಿಂಕ್ ಮ್ಯೂಸಿಕ್ ಮುಚ್ಚುತ್ತದೆ ಎಂದು 2024ರಲ್ಲಿ ಪ್ರಕಟವಾಯಿತು, ಅದರಲ್ಲಿ ಜೋಡಿಸಿಕೊಂಡಿದ್ದ ಪಟ್ಟಿಗಳೂ ಅದರೊಂದಿಗೇ ಹೋದವು. ಮೆಚ್ಚಿನ ಪಟ್ಟಿಯ ಹಾಡುಗಳ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಯೂಟ್ಯೂಬಿನ ಜ್ಯೂಕ್‌ಬಾಕ್ಸ್‌ಗಳು, ಎಂದರೆ ಹಲವು ಹಾಡುಗಳನ್ನು ಒಂದೇ ವಿಡಿಯೊದಲ್ಲಿ ಪೋಣಿಸಿದವು, ಒಳ್ಳೆಯ ಸಂಗ್ರಹಗಳೇ. ಆಡಿಯೊ ಕಂಪನಿಗಳೇ ಹಾಕಿರುವುದಾದರೆ ಮೂಲ ಧ್ವನಿಯೂ ಖಾತರಿ. ಆದರೆ ಉಚಿತವಾಗಿ ಕೇಳುವಾಗ ಪರದೆ ಉರಿಯುತ್ತಲೇ ಇರಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಬರೀ ಹಾಡಾದರೆ 160 ಕೆಬಿಪಿಎಸ್‌ನಲ್ಲಿ ಗಂಟೆಗೆ 72 ಎಂಬಿ ಡೇಟಾ ಸಾಕು, ವಿಡಿಯೊಗೆ ಅದರ ಹಲವು ಪಟ್ಟು. ಮನೆಯ ಟಿವಿಗೆ ಫೈಬರ್ ಸಂಪರ್ಕ ಇರುವವರು ಮಾತ್ರ ಇದನ್ನು ನೆಚ್ಚಿಕೊಳ್ಳಬಹುದು.

ಆಕಾಶವಾಣಿಯನ್ನು ಮರೆಯದಿರಿ

ಹಿಟ್ ಸಂಗ್ರಹ ಎಂದಾಗ ಯಾರೂ ರೇಡಿಯೊವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ 1965ರಿಂದ ನಮ್ಮ ಕಡೆಯ ಮನೆಗಳಿಗೆ ಹಾಡು ಆರಿಸಿ ಕೊಡುತ್ತ ಬಂದಿರುವುದು ಆಕಾಶವಾಣಿ ಭದ್ರಾವತಿ. ಕೇಳುಗರ ಕೋರಿಕೆಯ ಚಿತ್ರಗೀತೆಗಳೆಂದರೆ ಊರಿನವರೇ ಸೇರಿ ಮಾಡಿದ ಸಂಗ್ರಹವಲ್ಲದೆ ಮತ್ತೇನು? ಕಂಪನಿಯ ಬೇಲಿಯಿಲ್ಲ, ಖರ್ಚು ಒಂದು ಬ್ಯಾಟರಿ ರೇಡಿಯೊದ್ದು ಅಷ್ಟೇ, ಕರೆಂಟ್ ಹೋದರೂ ನಡೆಯುತ್ತದೆ. ಕೊರತೆಯೆಂದರೆ ಹೊತ್ತು ನಮ್ಮ ಕೈಯಲ್ಲಿಲ್ಲ. ಹಪ್ಪಳದ ಕೆಲಸ ಹತ್ತಕ್ಕೆ ಶುರುವಾದರೆ ಆಗ ಹಾಡೇ ಇರಬೇಕೆಂದಿಲ್ಲ, ಕೃಷಿ ಮಾಹಿತಿಯೋ ವಾರ್ತೆಯೋ ಇರಬಹುದು. ಮೀಡಿಯಂ ವೇವ್‌ನಲ್ಲಿ ಕೇಳುವವರಿಗೆ ಗುಡುಗಿನ ಸಂಜೆ ಸಿಡಿಲಿನ ಚಟಚಟ ಸದ್ದೂ ಸೇರುತ್ತದೆ, ಎಫ್‌ಎಂನಲ್ಲಿ ಆ ಕಾಟ ಕಡಿಮೆ. ಬೇರೆ ಯಾವುದನ್ನು ಕೊಂಡರೂ ಅದರಲ್ಲಿ ಎಫ್‌ಎಂ ಇರುವಂತೆ ನೋಡಿಕೊಳ್ಳುವುದು ನನ್ನ ಪಟ್ಟು.

ಯಾವ ಬಗೆಯ ಸಂಗ್ರಹ?

ಸಾಧನ ನಿರ್ಧಾರವಾದ ಮೇಲೆ ಒಳಗೇನಿರಬೇಕು ಎಂಬುದು ಉಳಿಯುತ್ತದೆ. ನಾಯಕನಟರ ಹೆಸರಿನ ಸಂಗ್ರಹಗಳು ಅಂಗಡಿಯಲ್ಲಿ ಹೆಚ್ಚು ಮಾರಾಟವಾದವು, ಆದರೆ ಕೇಳಲು ಅವು ಬೇಗ ಸಪ್ಪೆಯಾಗುತ್ತವೆ. ನಟ ಒಬ್ಬನೇ, ಅವನಿಗೆ ಹಾಡಿದವರು ಹಲವರು, ಎಳೆ ಸಿಗುವುದಿಲ್ಲ. ತಾನೇ ಹಾಡಿದ ರಾಜ್‌ಕುಮಾರ್ ಇದಕ್ಕೆ ಹೊರತು. ಒಬ್ಬ ಗಾಯಕರ ಸಂಗ್ರಹ ಅವರ ಅಭಿಮಾನಿಗೆ ಹಬ್ಬ, ಉಳಿದವರಿಗೆ ಒಂದು ಗಂಟೆ ಸಾಕು. ನನ್ನ ಆಯ್ಕೆ ಸಂಯೋಜಕರ ಹೆಸರಿನದು. ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ಹಂಸಲೇಖ, ಮನೋಮೂರ್ತಿ, ಇವರಲ್ಲಿ ಯಾರನ್ನು ಹಿಡಿದರೂ ಧ್ವನಿಗಳು ಬದಲಾಗುತ್ತವೆ, ವಾದ್ಯ ಜೋಡಿಸುವ ಕೈ ಮಾತ್ರ ಒಂದೇ ಆಗಿರುತ್ತದೆ. ಒಬ್ಬಿಬ್ಬರು ಗಮನವಿಟ್ಟು ಕೇಳುವಾಗ ಇದು ಶ್ರೇಷ್ಠ. ಮನೆ ತುಂಬ ಜನರಿದ್ದಾಗ ದಶಕಗಳನ್ನು ಬೆರೆಸಿದ್ದೇ ಸರಿ.

ಬೆರೆಸುವಾಗ ಎಲ್ಲವೂ ಕುಣಿಯುವ ಹಾಡಾದರೆ ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಮೂರು ಚುರುಕಿನ ಹಾಡಿಗೆ ಒಂದು ನಿಧಾನದ್ದು, ಎರಡು ಯುಗಳ ಗೀತೆಗೆ ಒಂದು ಒಂಟಿ ಧ್ವನಿ, ಹೀಗೆ ಕಟ್ಟಿ. ಹತ್ತು ಹಾಡಿಗೊಮ್ಮೆ ಶಿವಮೊಗ್ಗ ಸುಬ್ಬಣ್ಣ ಅವರಂಥವರ ಧ್ವನಿ ಬರಲಿ. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಲ್ಲಿ ಹುಟ್ಟಿ, ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಊರಿನ ಮಕ್ಕಳಿಗೆ ಆ ಧ್ವನಿಯ ಗುರುತು ಇರಬೇಕು.

ಇಂಗ್ಲಿಷ್ ಹಾಡಿಗೆ ಹೊಸಬರಾದ ದೊಡ್ಡವರು ಮಕ್ಕಳ ಜತೆ ಕೇಳಲು ಬಯಸಿದರೆ ಈ ವರ್ಷದ ಹಿಟ್‌ಗಳಿಂದ ಶುರು ಮಾಡಬೇಡಿ. ಒಂದೇ ತಂಡದ ಹಳೆಯ ಹಿಟ್ ಸಂಗ್ರಹ ಹಿಡಿಯಿರಿ. ಸ್ವೀಡನ್ನಿನ ಪಾಪ್ ತಂಡ ಅಬ್ಬಾದ 1992ರ ‘ಅಬ್ಬಾ ಗೋಲ್ಡ್’ನಲ್ಲಿ 19 ಹಾಡುಗಳಿವೆ. ರಾಗ ಥಟ್ಟನೆ ನಾಲಿಗೆಗೆ ಹತ್ತುವಂಥವು, ಪದ ಅರ್ಥವಾಗದವರೂ ಗುನುಗಬಹುದು.

ನಿಮ್ಮ ಮನೆಗೆ

ಖರ್ಚೇ ಬೇಡ ಎನ್ನುವವರು ಇರುವ ರೇಡಿಯೊ ಮತ್ತು ಬೂಷ್ಟು ಹಿಡಿಯದ ಕ್ಯಾಸೆಟ್‌ಗಳಿಂದಲೇ ಬೇಸಿಗೆ ಕಳೆಯಬಹುದು. ಐನೂರು ರೂಪಾಯಿಯ ಒಳಗಾದರೆ ಪೆನ್‌ಡ್ರೈವ್, ಜತೆಗೆ ಮೇಲೆ ಹೇಳಿದ ಒಂದು ಮಧ್ಯಾಹ್ನದ ಶ್ರಮ. ಮದುವೆ, ಪ್ರವಾಸ ಎಂದು ಓಡಾಟ ಹೆಚ್ಚಿರುವವರಿಗೂ ಅದೇ ಸರಿ. ಪೇಟೆಯಲ್ಲಿದ್ದು ಮಕ್ಕಳೇ ಮುಖ್ಯ ಕೇಳುಗರಾದರೆ ಎರಡು ತಿಂಗಳ ಆ್ಯಪ್ ಚಂದಾ ತೆಗೆದುಕೊಂಡು, ದಿನಕ್ಕೆ ಒಂದು ಗಂಟೆ ಅವರ ಪಟ್ಟಿ, ಒಂದು ಗಂಟೆ ಹಿರಿಯರ ಪಟ್ಟಿ ಎಂದು ಸರದಿ ಮಾಡಿಕೊಳ್ಳಿ.

ತೋಟದ ಮನೆಯಲ್ಲಿ ಹಿರಿಯರಿಬ್ಬರೇ ಇದ್ದು, ರಜೆ ಮುಗಿದ ಮೇಲೂ ಅವರಿಗೆ ಹಾಡು ಬೇಕೆಂದಾದರೆ ಹಾಡು ತುಂಬಿದ ಪ್ಲೇಯರಿಗೆ ಹಣ ಹಾಕಲು ಹಿಂಜರಿಯಬೇಡಿ. ಅದರ ಪಟ್ಟಿಯಲ್ಲಿ ಇಲ್ಲದ ಅವರ ಮೆಚ್ಚಿನ ಹಾಡುಗಳನ್ನು ಕೇಳಿ ಬರೆದುಕೊಂಡು, ಒಂದು ಪುಟ್ಟ ಪೆನ್‌ಡ್ರೈವಿನಲ್ಲಿ ಹಾಕಿ ಪ್ಲೇಯರಿಗೇ ಚುಚ್ಚಿಟ್ಟು ಬನ್ನಿ. ಎಫ್‌ಎಂನಲ್ಲಿ ಭದ್ರಾವತಿಯನ್ನು ಹುಡುಕಿ ಇಟ್ಟು, ಯಾವ ಗುಂಡಿಗೆ ಯಾವುದು ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಹೊರಡುವ ಮುನ್ನ ಅವರ ಕೈಯಿಂದಲೇ ಎರಡು ಮೂರು ಸಲ ಹಾಕಿಸಿ ನೋಡಿ. ಮಳೆಗಾಲ ಶುರುವಾದ ಮೇಲೆ ಬಳಸದ ದಿನಗಳಲ್ಲಿ ಅದನ್ನು ಗೋಡೆಯ ಕಪಾಟಿನಲ್ಲಿಡದೆ ಅಡುಗೆಮನೆಯ ಬೆಚ್ಚಗಿನ ಬದಿಯಲ್ಲಿ, ಹೊಗೆ ತಾಗದಷ್ಟು ದೂರದಲ್ಲಿ ಇಡಲು ಹೇಳಿ.